ಹರ್ನಿಯಾ ಆಪರೇಷನ್ ಮಾಡಿಸಿದರೆ ಬೀಜ ಒಣಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 35 ವರ್ಷ. ಊರು ಕುಂದಾಪುರ ಕಡೆ, ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಭಾಂಡೂಪಿನ ಒಂದು ಕ್ಯಾಂಟೀನು ನೋಡಿಕೊಳ್ಳುತ್ತೇನೆ. ದಿನಕ್ಕೆ ಹನ್ನೆರಡು ತಾಸು ನಿಂತೇ ಕೆಲಸ, ಅಕ್ಕಿ ಗೋಣಿಯನ್ನೂ ಎತ್ತುತ್ತೇನೆ. ಎಂಟು ತಿಂಗಳಿಂದ ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಬರುತ್ತಿದೆ, ಮಲಗಿದರೆ ಹೋಗುತ್ತದೆ. ಸರ್ಜನ್ ಹರ್ನಿಯಾ ಎಂದರು, ಆಪರೇಷನ್ ಮಾಡಿ ಜಾಳಿ, ಅಂದರೆ ಬಲೆ, ಹಾಕಬೇಕಂತೆ. ನನ್ನ ಭಯ ಬೇರೆ. ನಮ್ಮ ಅಪ್ಪನಿಗೆ ನಾನು ಹುಟ್ಟಿದ ವರ್ಷ, 1990ರಲ್ಲಿ, ಊರಲ್ಲೇ ಬಲಗಡೆ ಹರ್ನಿಯಾ ಆಪರೇಷನ್ ಆಗಿತ್ತು. ಅದು ಮತ್ತೆ ಬಂದು 1994ರಲ್ಲಿ ಅದೇ ಜಾಗ ಕೊಯ್ದರು. ಆಮೇಲೆ ಆ ಕಡೆಯ ಬೀಜ ಬತ್ತಿ ಕಡಲೆಕಾಳಿನಷ್ಟಾಯಿತು. ಆಸ್ಪತ್ರೆಯಲ್ಲಿ ಅಮ್ಮ ಒಬ್ಬಳೇ ನನ್ನನ್ನೂ ಅಪ್ಪನನ್ನೂ ನೋಡಿಕೊಂಡಳಂತೆ, ತಂಗಿ ಹುಟ್ಟಿದ್ದು 1996ರಲ್ಲಿ. ನನಗೆ ಮದುವೆಯಾಗಿ ಎರಡು ವರ್ಷ, ಮಕ್ಕಳಾಗಿಲ್ಲ. ಜಾಳಿ ಹಾಕಿದರೆ ಆಗುವುದೇ ಇಲ್ಲ ಎನ್ನುತ್ತಾರೆ ಕ್ಯಾಂಟೀನಿನವರು. ಬೆಲ್ಟು ಕಟ್ಟಿಕೊಂಡು ದಿನ ದೂಡಬಹುದೇ? ಈಗ 68 ವರ್ಷದ ಅಪ್ಪನಿಗೆ ಎಡಗಡೆಯೂ ಉಬ್ಬು ಬಂದಿದೆ, ಅವರಿಗೇನು ಮಾಡುವುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದಕ್ಕೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸಿಲ್ಲ ಅಷ್ಟೇ. ಅಪ್ಪನ ಒಂದು ಬೀಜ ಬತ್ತಿದ್ದು 1994ರ ಆಪರೇಷನ್ನಿನ ನಂತರ. ನಿಮ್ಮ ತಂಗಿ ಹುಟ್ಟಿದ್ದು 1996ರಲ್ಲಿ.

ಇನ್ನೊಂದು ಮಾತು. 1990ರಲ್ಲಿ ನಮ್ಮ ಕಡೆಯ ತಾಲೂಕು ಊರುಗಳಲ್ಲಿ ಹರ್ನಿಯಾಕ್ಕೆ ಜಾಳಿ ಹಾಕುವ ರೂಢಿ ಇರಲಿಲ್ಲ. ಸಡಿಲವಾದ ಸ್ನಾಯುವನ್ನು ಎಳೆದು ದಾರದಿಂದ ಹೊಲಿಯುತ್ತಿದ್ದರು. ಇಟಲಿಯ ಪಾದುವಾದ ಬಸ್ಸೀನಿ ಎಂಬ ಸರ್ಜನ್ 1880ರ ದಶಕದಲ್ಲಿ ತೋರಿಸಿಕೊಟ್ಟ ಹೊಲಿಗೆ ಅದು, ನೂರು ವರ್ಷ ಜಗತ್ತನ್ನೆಲ್ಲ ಆಳಿತು. ಹಾಗಾಗಿ ಅಪ್ಪನ ಬೀಜ ಬತ್ತಿದ ತಪ್ಪನ್ನು ಜಾಳಿಯ ತಲೆಗೆ ಕಟ್ಟಲು ಬರುವುದಿಲ್ಲ. ಹೆಚ್ಚಾಗಿ ಅಲ್ಲಿ ಜಾಳಿಯೇ ಇರಲಿಲ್ಲ. ಮತ್ತೇಕೆ ಬತ್ತಿತು? ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ, ನೀವು ತಾಯಿಯ ಹೊಟ್ಟೆಯಲ್ಲಿದ್ದ ಕಾಲಕ್ಕೆ ಹೋಗಬೇಕು.

ಗಂಡುಮಗುವಿನ ಬೀಜ, ಅಂದರೆ ವೃಷಣ, ಹುಟ್ಟುವುದು ಈಗಿರುವ ಜಾಗದಲ್ಲಿ ಅಲ್ಲ, ಹೊಟ್ಟೆಯ ಒಳಗೆ, ಕಿಡ್ನಿಯ ಹತ್ತಿರ. ಹುಟ್ಟುವ ಹೊತ್ತಿಗೆ ಅದು ಮೆಲ್ಲಗೆ ಇಳಿದು ತೊಡೆಸಂದಿನ ಓಣಿಯ ಮೂಲಕ ಹೊರಗಿನ ಚೀಲಕ್ಕೆ ಬರುತ್ತದೆ. ಬರುವಾಗ, ಬಾವಿಗೆ ಇಳಿಸಿದ ಕೊಡದ ಹಿಂದೆ ಹಗ್ಗ ಬರುವಂತೆ, ತನ್ನ ರಕ್ತನಾಳಗಳನ್ನೂ ವೀರ್ಯನಾಳವನ್ನೂ ಎಳೆದುಕೊಂಡೇ ಬರುತ್ತದೆ. ಇವತ್ತಿಗೂ ನಿಮ್ಮ ಬೀಜಕ್ಕೆ ರಕ್ತ ಕೊಡುವ ಮುಖ್ಯ ನಾಳ ಹೊರಡುವುದು ತೊಡೆಯಿಂದಲ್ಲ, ಬೆನ್ನುಮೂಳೆಯ ಮುಂದಿರುವ ಮಹಾಧಮನಿಯಿಂದ, ಕಿಡ್ನಿಯ ನಾಳ ಹೊರಡುವ ಜಾಗಕ್ಕಿಂತ ತುಸು ಕೆಳಗೆ. ಆ ಓಣಿ ದೊಡ್ಡವರಲ್ಲಿ ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ಉದ್ದ. ಅದರೊಳಗೆ ಕಿರುಬೆರಳಿನ ದಪ್ಪದ ಒಂದು ಹುರಿ ಹಾದುಹೋಗುತ್ತದೆ. ಅದರಲ್ಲಿ ಮೂರು ಸಣ್ಣ ಧಮನಿಗಳಿವೆ, ಬಳ್ಳಿಯ ಹಾಗೆ ಹೆಣೆದುಕೊಂಡ ಹತ್ತಾರು ಸಿರೆಗಳಿವೆ, ವೀರ್ಯನಾಳವಿದೆ, ಎರಡು ಮೂರು ನರಗಳಿವೆ. ನಮ್ಮ ಹಿರಿಯರು ಅಂಡವಾಯು ಎಂದು ಕರೆಯುತ್ತಿದ್ದ ಈ ರೋಗದಲ್ಲಿ ಕರುಳೋ ಕೊಬ್ಬೋ ಇಳಿಯುವುದು ಇದೇ ಓಣಿಗೆ, ಇದೇ ಹುರಿಯ ಪಕ್ಕಕ್ಕೆ.

ಅಂದರೆ ಹರ್ನಿಯಾದ ಚೀಲ, ಇಳಿದ ಕರುಳನ್ನು ಸುತ್ತಿಕೊಂಡಿರುವ ಹೊಟ್ಟೆಯ ಒಳಪೊರೆ, ಹುರಿಗೆ ಅಂಟಿಕೊಂಡೇ ಇರುತ್ತದೆ. ಹಲಸಿನ ಬೀಜದ ಮೇಲೊಂದು ತೆಳು ಪೊರೆ ಇರುತ್ತದಲ್ಲ, ಹಸಿಯಾಗಿದ್ದಾಗ ಬಿಡಿಸಲು ಉಗುರು ಸೋಲುತ್ತದೆ. ಸರ್ಜನ್ ಚೀಲವನ್ನು ಹುರಿಯಿಂದ ಬಿಡಿಸುವುದು ಆ ತರಹದ ಕೆಲಸ. ನೋಡುವವರಿಗೆ ಜಾಳಿ ಹಾಕುವುದು ದೊಡ್ಡ ವಿಷಯ ಅನಿಸುತ್ತದೆ. ಬೀಜದ ಮಟ್ಟಿಗೆ ದೊಡ್ಡ ವಿಷಯ ಅದಕ್ಕೂ ಮೊದಲಿನ ಈ ಬಿಡಿಸುವ ಹದಿನೈದು ಇಪ್ಪತ್ತು ನಿಮಿಷ.

ಈಗ ಬೀಜ ಬತ್ತುವ ವಿಚಾರ. ಧಮನಿ ಕತ್ತರಿಸಿ ಹೋಗಿ ರಕ್ತ ನಿಂತು ಒಣಗುತ್ತದೆ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಆಗುವುದು ಹಾಗಲ್ಲ. ಒಂದು ಧಮನಿಗೆ ಪೆಟ್ಟಾದರೂ ಉಳಿದೆರಡು ಎಷ್ಟೋ ಸಲ ಸಂಭಾಳಿಸುತ್ತವೆ. ತೊಂದರೆ ಕೊಡುವುದು ಆ ಬಳ್ಳಿಯಂಥ ಸಿರೆಗಳು. ಚೀಲ ಬಿಡಿಸುವ ಭರದಲ್ಲಿ ಅವು ಜಜ್ಜಿ ಒಳಗೆ ರಕ್ತ ಹೆಪ್ಪುಗಟ್ಟಿತೆಂದರೆ, ಬೀಜದೊಳಗೆ ರಕ್ತ ಬರುತ್ತದೆ, ವಾಪಸು ಹೋಗಲು ದಾರಿ ಇಲ್ಲ. ಮಳೆಗಾಲದಲ್ಲಿ ಗಟಾರ ಕಟ್ಟಿದಾಗ ಹಿಂದ್‌ಮಾತಾದಲ್ಲಿ ನೀರು ನಿಲ್ಲುವುದನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಪರೇಷನ್ ಆದ ಒಂದರಿಂದ ಮೂರು ದಿನದೊಳಗೆ ಆ ಕಡೆಯ ಬೀಜ ಊದಿ, ಕಲ್ಲಿನ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ನೋವಾಗುತ್ತದೆ. ಸಣ್ಣ ಜ್ವರವೂ ಬರಬಹುದು. ಊತ ಇಳಿಯಲು ವಾರಗಳೇ ಹಿಡಿಯುತ್ತವೆ. ಆಮೇಲೆ ಎರಡು ದಾರಿ. ಕೆಲವರಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಕೆಲವರಲ್ಲಿ ತಿಂಗಳುಗಳ ಮೇಲೆ, ನೋವೇನೂ ಇಲ್ಲದೆ, ಬೀಜ ಮೆತ್ತಗಾಗಿ ಚಿಕ್ಕದಾಗುತ್ತಾ ಹೋಗುತ್ತದೆ. ನಿಮ್ಮ ಅಪ್ಪನಿಗಾದದ್ದು ಇದೇ ಇರಬೇಕು.

ಇದು ಎಷ್ಟು ಜನರಿಗೆ ಆಗುತ್ತದೆ? ಮೊದಲ ಸಲದ ಆಪರೇಷನ್ನಿನಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಹರ್ನಿಯಾ ಮರುಕಳಿಸಿ, ಅದೇ ಹಳೆಯ ಗಾಯದ ಮೂಲಕ ಮತ್ತೆ ಒಳಗೆ ಹೋದರೆ ಅಪಾಯ ಹಲವು ಪಟ್ಟು ಏರುತ್ತದೆ. ಯಾಕೆಂದರೆ ಮೊದಲಿನ ಗಾಯ ಮಾಯುವಾಗ ಹುರಿ, ಸ್ನಾಯು, ಹಳೆಯ ಹೊಲಿಗೆ ಎಲ್ಲವೂ ಸೇರಿ ಒಂದು ಗಟ್ಟಿ ಮುದ್ದೆಯಾಗಿರುತ್ತದೆ. ಅದರಲ್ಲಿ ಸಿರೆ ಯಾವುದು, ಕಲೆ ಯಾವುದು ಎಂದು ತಿಳಿಯುವುದು ಎಷ್ಟು ನುರಿತ ಕೈಗೂ ಕಷ್ಟ. ಅಪ್ಪನ ಬೀಜ ಉಳಿದದ್ದು ಮೊದಲ ಆಪರೇಷನ್ನಿನಲ್ಲಿ, ಹೋದದ್ದು ಎರಡನೆಯದರಲ್ಲಿ. 1994ರಲ್ಲಿ ಕೊಯ್ದ ಡಾಕ್ಟರರನ್ನು ನಾನು ಬಯ್ಯುವುದಿಲ್ಲ. ಆಗ ಬೇರೆ ದಾರಿ ಅವರ ಕೈಯಲ್ಲಿರಲಿಲ್ಲ.

ಈಗ ಇದೆ. ಮೊದಲ ಆಪರೇಷನ್ ಮುಂದಿನಿಂದ ಆಗಿದ್ದರೆ, ಮರುಕಳಿಸಿದಾಗ ಹಿಂದಿನಿಂದ ಹೋಗುತ್ತೇವೆ. ಅಂದರೆ ಲ್ಯಾಪ್ರೋಸ್ಕೋಪಿಯಲ್ಲಿ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಹೊಟ್ಟೆಯ ಗೋಡೆಯ ಒಳಮಗ್ಗುಲಿನಿಂದ, ಗಾಯವಿಲ್ಲದ ಹೊಸ ಜಾಗದಲ್ಲಿ. ಮೊದಲು ಲ್ಯಾಪ್ರೋಸ್ಕೋಪಿ ಆಗಿದ್ದರೆ ಎರಡನೆಯದನ್ನು ಮುಂದಿನಿಂದ. ಕಲೆಗಟ್ಟಿದ ಜಾಗಕ್ಕೆ ಎರಡನೇ ಸಲ ಕೈ ಹಾಕಬಾರದು ಎನ್ನುವುದೊಂದೇ ಲೆಕ್ಕ. ಭಾರತದಲ್ಲಿ ಲ್ಯಾಪ್ರೋಸ್ಕೋಪಿಯಿಂದ ಪಿತ್ತಕೋಶ ತೆಗೆಯುವುದು ಶುರುವಾದದ್ದು ನಮ್ಮ ಮುಂಬಯಿಯಲ್ಲೇ, 1990ರಲ್ಲಿ, ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹ್ಮ್‌ಟನ್ ಉದ್ವಾಡಿಯಾ ಅವರಿಂದ. ಕುಂದಾಪುರದಲ್ಲಿ ಅಪ್ಪನ ಮೊದಲ ಆಪರೇಷನ್ ಆದ ವರ್ಷವೇ!

ಸರ್ಜನ್‌ಗಳು ಕಲಿತ ಇನ್ನೊಂದು ಪಾಠವೂ ಇಲ್ಲಿ ಹೇಳಬೇಕು. ಹರ್ನಿಯಾ ಬೆಳೆದು ಬೀಜದ ಚೀಲದವರೆಗೆ ಇಳಿದಿದ್ದರೆ, ಹರ್ನಿಯಾದ ಚೀಲವನ್ನು ತಳದವರೆಗೂ ಬಿಡಿಸಿ ತೆಗೆಯಲು ಹೋಗಬಾರದು. ಓಣಿಯಲ್ಲೇ ಅಡ್ಡ ಕತ್ತರಿಸಿ, ಮೇಲಿನ ಭಾಗವನ್ನು ಕಟ್ಟಿ, ಕೆಳಗಿನ ತುಂಡನ್ನು ಬಾಯಿ ತೆರೆದು ಇದ್ದಲ್ಲೇ ಬಿಡಬೇಕು. ಆ ತುಂಡಿನಿಂದ ಯಾರಿಗೂ ಕೇಡಿಲ್ಲ. ಅದನ್ನು ಕೀಳಲು ಹೋದಾಗಲೇ ಸಿರೆಗಳಿಗೆ ಪೆಟ್ಟಾಗುವುದು. ನಿಮ್ಮದು ಇನ್ನೂ ನಿಂಬೆಹಣ್ಣಿನಷ್ಟಿದೆ, ತೊಡೆಸಂದಿನಲ್ಲೇ ಇದೆ, ತಾನಾಗಿ ಒಳಗೆ ಹೋಗುತ್ತದೆ. ಬೀಜದ ಲೆಕ್ಕದಲ್ಲಿ ಹೇಳುವುದಾದರೆ ಆಪರೇಷನ್ ಮಾಡಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೊದಲ ಸಲ, ಸಣ್ಣ ಚೀಲ, ಅವಸರವಿಲ್ಲದ ಬೆಳಗು.

ಆಪರೇಷನ್ನಿಗೆ ಹೆದರುವವರು ಮರೆಯುವ ಒಂದು ಸಂಗತಿಯಿದೆ. ಹರ್ನಿಯಾ ಕೂಡ ಬೀಜಕ್ಕೆ ಒಳ್ಳೆಯ ನೆಂಟನಲ್ಲ. ಓಣಿ ಇಕ್ಕಟ್ಟಾದದ್ದು. ಅದರಲ್ಲಿ ಕರುಳು ಬಂದು ಕೂತರೆ ಹುರಿಯ ಮೇಲೆ ಒತ್ತಡ ಬೀಳುತ್ತದೆ. ಡಾಪ್ಲರ್ ಸ್ಕ್ಯಾನಿನಲ್ಲಿ ನೋಡಿದರೆ ಹರ್ನಿಯಾ ಇರುವ ಕಡೆ ಬೀಜಕ್ಕೆ ರಕ್ತ ಹರಿಯಲು ಅಡ್ಡಿ ಹೆಚ್ಚಿರುವುದು ಕಾಣುತ್ತದೆ. ಸರಿಪಡಿಸಿದ ಮೇಲೆ ಅದು ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಹಸುಳೆಗಳಲ್ಲಿ ಹರ್ನಿಯಾ ಸಿಕ್ಕಿಹಾಕಿಕೊಂಡರೆ ಕರುಳಿಗಿಂತ ಮೊದಲು ಬೀಜ ಸಾಯುವುದೂ ಉಂಟು. ಅದಕ್ಕೇ ಮಕ್ಕಳ ವಿಷಯದಲ್ಲಿ ನಾವು ಕಾಯುವುದಿಲ್ಲ.

ಬೆಲ್ಟಿನ ಬಗ್ಗೆ ಕೇಳಿದಿರಿ. ನನಗೆ ಆ ಬೆಲ್ಟನ್ನು ಕಂಡರಾಗದು, ಮೊದಲೇ ಹೇಳಿಬಿಡುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಕಟ್ಟಿಕೊಂಡರೆ ಗಂಟು ಕಾಣುವುದಿಲ್ಲ, ಸಮಾಧಾನ ಆಗುತ್ತದೆ. ಆದರೆ ಅದರ ಗಟ್ಟಿ ದಿಂಡು ಒತ್ತುವುದು ಹರ್ನಿಯಾವನ್ನಷ್ಟೇ ಅಲ್ಲ, ಅದೇ ಹುರಿಯನ್ನೂ. ವರ್ಷಗಟ್ಟಲೆ ಕಟ್ಟಿಕೊಂಡವರಲ್ಲಿ ಚೀಲ ಹುರಿಗೆ ಇನ್ನಷ್ಟು ಬಿಗಿಯಾಗಿ ಅಂಟಿಕೊಂಡು, ಮುಂದೆ ಆಪರೇಷನ್ ಕಠಿಣವಾಗುತ್ತದೆ. ಬೀಜ ಸೊರಗಿದ್ದನ್ನೂ ಕಂಡಿದ್ದೇವೆ. ಆಪರೇಷನ್ ತಾಳಲಾರದ ಮುದುಕರಿಗೆ ಬೇರೆ ಮಾತು. ನಿಮಗೆ ಬೇಡ.

ಕಾಯಲೇಬಾರದು ಎಂದೂ ಅಲ್ಲ. ನೋವಿಲ್ಲದ, ಸಣ್ಣ ಹರ್ನಿಯಾ ಇರುವ ಗಂಡಸರು ಕಾದು ನೋಡಬಹುದೇ ಎಂದು ಅಮೆರಿಕದಲ್ಲಿ 720 ಮಂದಿಯ ಮೇಲೆ ಪರೀಕ್ಷೆ ನಡೆಸಿ 2006ರಲ್ಲಿ ಪ್ರಕಟಿಸಿದರು. ಕರುಳು ಸಿಕ್ಕಿಹಾಕಿಕೊಂಡು ತುರ್ತು ಪರಿಸ್ಥಿತಿ ಬಂದದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ ಜನಕ್ಕೆ. ಹಾಗಾಗಿ ಎರಡು ತಿಂಗಳು ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಹತ್ತು ವರ್ಷ ಕಳೆಯುವುದರೊಳಗೆ ಕಾಯುತ್ತಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನ ತಾವಾಗಿ ಬಂದು ಆಪರೇಷನ್ ಮಾಡಿಸಿಕೊಂಡರು, ಹೆಚ್ಚಿನವರು ನೋವು ತಡೆಯಲಾರದೆ. ಹನ್ನೆರಡು ತಾಸು ನಿಂತು, ಗೋಣಿ ಎತ್ತಿ, ಸಂಜೆ ಡೊಂಬಿವಲಿ ಲೋಕಲಿನ ಬಾಗಿಲಲ್ಲಿ ನೇತಾಡುವ ನೀವು ಹತ್ತು ವರ್ಷ ಕಾಯುವವರ ಸಾಲಿನಲ್ಲಿ ಇಲ್ಲ ಎಂದು ನನ್ನ ಎಣಿಕೆ. ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನಿಂತು, ಹೊಟ್ಟೆ ನುಲಿದು, ವಾಂತಿ ಬಂದರೆ ಮಾತ್ರ ಗಂಟೆಗಳ ಲೆಕ್ಕ. ಆಗ ನೇರ ದೊಡ್ಡ ಆಸ್ಪತ್ರೆಗೆ. ಸಯನ್, ಕೆ.ಇ.ಎಂ., ನಾಯರ್, ಯಾವುದು ಹತ್ತಿರವೋ ಅದು.

ಇನ್ನು ಜಾಳಿ. ಮರಾಠಿಯ ಈ ಶಬ್ದ ನಮ್ಮ ಮುಂಬಯಿ ಕನ್ನಡದಲ್ಲಿ ಎಷ್ಟು ಕೂತುಬಿಟ್ಟಿದೆ ಎಂದರೆ ನಾನು ಜಾಲರಿ ಎಂದರೆ ಪೇಷಂಟುಗಳು ಮುಖ ನೋಡುತ್ತಾರೆ. ಪಾಲಿಪ್ರೊಪಿಲೀನ್ ನೂಲಿನ ಬಲೆ ಅದು. ತೆರೆದ ಆಪರೇಷನ್ನಿನಲ್ಲಿ ಸುಮಾರು ಏಳೂವರೆ ಸೆಂಟಿಮೀಟರ್ ಅಗಲ, ಹದಿನೈದು ಉದ್ದದ ತುಂಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಹುರಿಯ ಹಿಂದೆ ಹಾಸುತ್ತಾರೆ. ಹುರಿ ಹೊರಬರಲು ಅದರಲ್ಲಿ ಒಂದು ಸೀಳು ಬಿಡುತ್ತಾರೆ. ಆ ಸೀಳನ್ನು ತೀರಾ ಬಿಗಿಯಾಗಿ ಹೊಲಿದರೆ ಹುರಿಯ ಕುತ್ತಿಗೆ ಹಿಸುಕಿದಂತೆ. ಅದು ಕೈಚಳಕದ ಮಾತು, ಜಾಳಿಯ ದೋಷ ಅಲ್ಲ. ದೇಹ ಬಲೆಯ ಕಣ್ಣುಗಳ ಒಳಗೆ ಗಟ್ಟಿ ಅಂಗಾಂಶ ಬೆಳೆಸಿ ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಹಾಗೆ ಬೆಳೆಯುವಾಗ ಪಕ್ಕದಲ್ಲಿರುವ ವೀರ್ಯನಾಳವನ್ನು ಅದು ಹಿಡಿದು ಅಮುಕಿದರೆ?

ಕ್ಯಾಂಟೀನಿನವರ ಮಾತಿಗೆ ಬುಡವೇ ಇಲ್ಲ ಎನ್ನಲಾರೆ. 2005ರಲ್ಲಿ ಅಮೆರಿಕದ ಸರ್ಜನ್‌ಗಳು ಹೀಗೇ ವೀರ್ಯನಾಳ ಮುಚ್ಚಿಹೋದ 14 ಮಂದಿಯ ವರದಿ ಪ್ರಕಟಿಸಿದರು. ಜಗತ್ತಿನ ಸರ್ಜನ್‌ಗಳೆಲ್ಲ ಒಮ್ಮೆ ಬೆಚ್ಚಿಬಿದ್ದರು. ಆಮೇಲೆ ಸ್ವೀಡನ್ನಿನವರು ಕೂತು ಲೆಕ್ಕ ಹಾಕಿದರು. ಅಲ್ಲಿ ಹರ್ನಿಯಾ ಆಪರೇಷನ್ನುಗಳ ದಾಖಲೆಯನ್ನು ದೇಶದ ಮಟ್ಟದಲ್ಲಿ ಇಡುತ್ತಾರೆ. ಜಾಳಿ ಹಾಕಿಸಿಕೊಂಡ ಸಾವಿರಾರು ಗಂಡಸರನ್ನು ನೋಡಿದರೂ ಬಂಜೆತನ ಎದ್ದು ಕಾಣುವಷ್ಟು ಹೆಚ್ಚಿದ್ದು ಕಂಡುಬರಲಿಲ್ಲ. ಹರ್ನಿಯಾ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ 2018ರಲ್ಲಿ ಬಂತು, ಅದೂ ಜಾಳಿಯನ್ನೇ ಶಿಫಾರಸು ಮಾಡುತ್ತದೆ. ಸುಮ್ಮನೆ ಲೆಕ್ಕ ಹಾಕಿ ನೋಡಿ: ನಿಮ್ಮದು ಒಂದೇ ಕಡೆಯ ಹರ್ನಿಯಾ. ಕೆಟ್ಟದ್ದೇ ಆಗಿ ಬಲಗಡೆಯ ನಾಳ ಮುಚ್ಚಿತು ಅಂದುಕೊಂಡರೂ, ಎಡಗಡೆಯದು ಸರಿಯಿದ್ದರೆ ಮಕ್ಕಳಾಗಲು ಅಷ್ಟು ಸಾಕು. ವೀರ್ಯದಲ್ಲಿ ಕಣಗಳೇ ಇಲ್ಲದಂತಾಗಬೇಕಾದರೆ ಎರಡೂ ಕಡೆ ಮುಚ್ಚಬೇಕು, ಅಥವಾ ಇನ್ನೊಂದು ಕಡೆ ಮೊದಲೇ ಕೆಟ್ಟಿರಬೇಕು. ಕತ್ತರಿಯಿಂದಲೇ ವೀರ್ಯನಾಳಕ್ಕೆ ಪೆಟ್ಟಾಗುವುದು ದೊಡ್ಡವರಲ್ಲಿ ಸಾವಿರಕ್ಕೆ ಮೂರರಷ್ಟು. ಚಿಕ್ಕಂದಿನಲ್ಲಿ ಆಪರೇಷನ್ ಆದವರಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಮಗುವಿನ ನಾಳ ನೂಲಿನಷ್ಟು ಸಣ್ಣದು.

ಜಾಳಿಯೇ ಬೇಡ ಎನ್ನುವವರಿಗೆ ದಾರಿ ಇಲ್ಲದಿಲ್ಲ. ಕೆನಡಾದ ಶೌಲ್ಡೈಸ್ ಆಸ್ಪತ್ರೆಯವರು ಪದರ ಪದರವಾಗಿ ಹೊಲಿಯುವ ವಿಧಾನಕ್ಕೆ ಇಂದಿಗೂ ಹೆಸರಾಗಿದ್ದಾರೆ. ನಮ್ಮ ಪಕ್ಕದಲ್ಲೇ, ಪುಣೆಯ ಡಾ. ಮೋಹನ್ ದೇಸರ್ಡಾ, ಹೊಟ್ಟೆಯದೇ ಗಟ್ಟಿ ಪೊರೆಯಿಂದ ಒಂದು ಪಟ್ಟಿ ತೆಗೆದು ಜಾಳಿಯ ಜಾಗದಲ್ಲಿ ಹೊಲಿಯುವ ವಿಧಾನವನ್ನು 2001ರಲ್ಲಿ ಪ್ರಕಟಿಸಿದರು. ಅದನ್ನು ಹೊರದೇಶಗಳಲ್ಲೂ ಮಾಡಿ ನೋಡಿದ್ದಾರೆ. ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೋಂಡಾಯಿಚಾದಲ್ಲಿ ಡಾ. ರವೀಂದ್ರನಾಥ ತೋಂಗಾವ್ಕರ್ ಬೇರೆಯೇ ದಿಕ್ಕಿನಲ್ಲಿ ಯೋಚಿಸಿದರು. ಬಡವರಿಗೆ ಪೇಟೆಯ ಜಾಳಿ ಕೊಳ್ಳಲಾಗದು ಎಂದು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಗೊಳಿಸಿ ಬಳಸಿದರು. ನಗಬೇಡಿ, ಆ ಸೊಳ್ಳೆಪರದೆ ಆಮೇಲೆ ಆಫ್ರಿಕಾದ ಆಸ್ಪತ್ರೆಗಳನ್ನೂ ಮುಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಯಾವ ವಿಧಾನ ಎನ್ನುವುದಕ್ಕಿಂತ ಆ ವಿಧಾನವನ್ನು ನಿಮ್ಮ ಸರ್ಜನ್ ದಿನನಿತ್ಯ ಮಾಡುತ್ತಾರೆಯೇ ಎನ್ನುವುದು ಮುಖ್ಯ. ವರ್ಷಕ್ಕೊಮ್ಮೆ ಮಾಡುವ ಅಪರೂಪದ ವಿಧಾನವನ್ನು ನಿಮ್ಮ ಮೇಲೆ ಪ್ರಯೋಗಿಸುವುದು ಬೇಡ. ಬರೀ ಹೊಲಿಗೆ ಸಾಮಾನ್ಯ ಕೈಗಳಲ್ಲಿ ಹೆಚ್ಚು ಸಲ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡರೆ ಎರಡನೇ ಆಪರೇಷನ್. ಎರಡನೆಯದೆಂದರೆ ಏನೆಂದು ನಿಮ್ಮ ಮನೆಯಲ್ಲೇ ಗೊತ್ತು. ಹಾಗೆ ನೋಡಿದರೆ ಮರುಕಳಿಸುವುದನ್ನು ತಡೆಯುವ ಜಾಳಿಯೇ ಬೀಜವನ್ನು ಕಾಯುತ್ತದೆ.

ಗಂಡಸುತನದ ವಿಷಯ ನೀವು ಬರೆದಿಲ್ಲ, ಆದರೆ ಈ ಪ್ರಶ್ನೆಯ ಹಿಂದೆ ಅದು ಇದ್ದೇ ಇರುತ್ತದೆ. ನಿಮಿರುವಿಕೆಯ ನರಗಳು ಈ ಓಣಿಯಲ್ಲಿ ಹಾದುಹೋಗುವುದಿಲ್ಲ. ಗಂಡು ಹಾರ್ಮೋನಿಗೆ ಒಂದು ಆರೋಗ್ಯವಂತ ಬೀಜ ಧಾರಾಳ ಸಾಕು. ಕೆಲವರಿಗೆ ವೀರ್ಯ ಬರುವಾಗ ತೊಡೆಸಂದಿನಲ್ಲಿ ಚುಚ್ಚಿದಂತೆ ನೋವು ಬರುವುದುಂಟು. ಬಹುಪಾಲು ಅದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಆಗದಿದ್ದರೆ ನಾಚಿಕೆ ಬಿಟ್ಟು ಹೇಳಿ. ನಿಜ ಹೇಳಬೇಕೆಂದರೆ ಬೀಜ ಬತ್ತುವುದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕಾಡುವುದು ಮೂರು ತಿಂಗಳಾದರೂ ಬಿಡದ ತೊಡೆಸಂದಿನ ನೋವು. ನೂರಕ್ಕೆ ಹತ್ತರಷ್ಟು ಮಂದಿಗೆ ಅದು ಸ್ವಲ್ಪವಾದರೂ ಉಳಿಯುತ್ತದೆ. ಹುರಿಯ ಜೊತೆಗಿರುವ ನರಗಳದ್ದು ಆ ಕರಾಮತ್ತು. ಸರ್ಜನ್ ಬಳಿ ಕೇಳಲು ಏನಾದರೂ ಇದ್ದರೆ ಆ ನರಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಕೇಳಿ.

ಆಪರೇಷನ್ ಆದಮೇಲೆ ಏನೆಲ್ಲ ಕಾಣಬಹುದು ಎಂದು ಮೊದಲೇ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆ. ಎರಡನೇ ದಿನ ಬೀಜದ ಚೀಲದ ಚರ್ಮ, ಶಿಶ್ನ ಕೂಡ, ನೇರಳೆಹಣ್ಣಿನ ಬಣ್ಣಕ್ಕೆ ತಿರುಗಬಹುದು. ಮೇಲಿನ ಗಾಯದ ರಕ್ತ ಚರ್ಮದ ಕೆಳಗೆ ಇಳಿದು ಬಂದದ್ದು ಅದು, ಎರಡು ಮೂರು ವಾರದಲ್ಲಿ ಹಳದಿಯಾಗಿ ಮಾಯವಾಗುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಇದರ ಫೋಟೋ ಕಳಿಸಿದವರಿದ್ದಾರೆ. ತೊಡೆಯ ಮೇಲ್ಭಾಗ, ಚೀಲದ ಮುಂಭಾಗದ ಚರ್ಮ ಮರಗಟ್ಟಿದಂತೆ ಅನಿಸಬಹುದು. ಲ್ಯಾಪ್ರೋಸ್ಕೋಪಿ ಆಗಿದ್ದರೆ ಹರ್ನಿಯಾ ಇದ್ದ ಜಾಗದಲ್ಲೇ ನೀರು ತುಂಬಿ ಗಂಟು ಮತ್ತೆ ಬಂದಂತೆ ಕಾಣುವುದು ಮಾಮೂಲು, ಒಂದೆರಡು ತಿಂಗಳಲ್ಲಿ ಇಂಗುತ್ತದೆ. ಸೂಜಿ ಚುಚ್ಚಿ ತೆಗೆಸಲು ಓಡಬೇಡಿ, ಹಾಗೆ ಚುಚ್ಚಿ ಜಾಳಿಗೆ ಸೋಂಕು ತಗುಲಿಸಿಕೊಂಡರೆ ಪಡಬಾರದ ಪಾಡು. ಕೆಲವರಿಗೆ ಆ ಕಡೆಯ ಬೀಜ ಮೊದಲಿಗಿಂತ ಸ್ವಲ್ಪ ಜೋತು ಬೀಳುತ್ತದೆ. ಅದನ್ನು ಮೇಲೆಳೆಯುವ ತೆಳು ಸ್ನಾಯುವನ್ನು ಆಪರೇಷನ್ನಿನಲ್ಲಿ ಕತ್ತರಿಸಿರುತ್ತಾರೆ, ಅದರಿಂದ ಅಪಾಯವಿಲ್ಲ.

ಗಾಬರಿಯಾಗಬೇಕಾದದ್ದು ಬೇರೆ. ಚೀಲದ ಚರ್ಮವಲ್ಲ, ಒಳಗಿನ ಬೀಜವೇ ಗಟ್ಟಿಯಾಗಿ ಊದಿ, ದಿನದಿಂದ ದಿನಕ್ಕೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಮೊದಲ ಮೂರ್ನಾಲ್ಕು ದಿನದಲ್ಲೇ ಸರ್ಜನ್‌ಗೆ ತೋರಿಸಬೇಕು. ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ರಕ್ತ ಪೂರ್ತಿ ನಿಂತಿದ್ದು ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ತಿಳಿದರೆ, ಎಲ್ಲಾದರೂ ಬಿಗಿಯಾಗಿದೆಯೇ ಎಂದು ಮತ್ತೆ ಬಿಚ್ಚಿ ನೋಡುವುದಕ್ಕೆ ಅರ್ಥವಿದೆ. ಸಿರೆ ಕಟ್ಟಿದ ಮಾಮೂಲು ಊತಕ್ಕೆ ಹಾಗಲ್ಲ. ನೋವಿನ ಮಾತ್ರೆ, ವಿಶ್ರಾಂತಿ, ಚೀಲಕ್ಕೆ ಆಸರೆ ಇಷ್ಟೇ ಮದ್ದು. ಆಂಟಿಬಯೋಟಿಕ್ ಬರೆದುಕೊಡುವವರಿದ್ದಾರೆ. ಅಲ್ಲಿ ಕ್ರಿಮಿಯೇ ಇಲ್ಲ, ಕೊಂದು ಹಾಕುವುದು ಯಾರನ್ನು? ಬತ್ತಿದ ಬೀಜವನ್ನು ತೆಗೆಸಲೇಬೇಕೆಂದೂ ಇಲ್ಲ, ನಿಮ್ಮ ಅಪ್ಪ ಮೂವತ್ತು ವರ್ಷ ಅದರೊಂದಿಗೇ ಬದುಕಿದ್ದಾರೆ. ಆಸರೆಗೆ ಅಂಗಡಿಯ ಸಪೋರ್ಟರ್ ಆಗುತ್ತದೆ, ಹಳೆಯ ಲಂಗೋಟಿಯೂ ಆಗುತ್ತದೆ. ಗರಡಿಯ ಉಸ್ತಾದರು ಸುಮ್ಮನೆ ಕಟ್ಟಿಸುತ್ತಿರಲಿಲ್ಲ.

ಎರಡು ವಾರ ಕ್ಯಾಂಟೀನಿನ ಗಲ್ಲಾದಲ್ಲಿ ಕೂತಿರಿ. ಗೋಣಿಗೆ ಒಂದೂವರೆ ತಿಂಗಳು ಕೈ ಹಾಕಬೇಡಿ. ಬೆಳಗಿನ ಒಂಬತ್ತರ ಲೋಕಲಿನ ನೂಕಾಟವೂ ಗೋಣಿಯೇ ಎಂದು ತಿಳಿಯಿರಿ, ತುಸು ದಿನ ಹತ್ತೂವರೆಯದಕ್ಕೆ ಹೊರಡಿ. ಹೆಂಡತಿಯ ಜೊತೆ ಕೂಡಲು ನೋವಿಲ್ಲದಿದ್ದರೆ ಸಾಕು, ಸಾಮಾನ್ಯವಾಗಿ ಎರಡು ಮೂರು ವಾರ.

ಆದರೆ ಇದೆಲ್ಲಕ್ಕೂ ಮೊದಲು ನೀವು ಒಂದು ಕೆಲಸ ಮಾಡಬೇಕು. ಮದುವೆಯಾಗಿ ಎರಡು ವರ್ಷ, ಮಕ್ಕಳಾಗಿಲ್ಲ ಎಂದಿರಿ. ಬೇಡವೆಂದು ತಡೆದಿದ್ದರೆ ಸರಿ. ತಡೆಯದೆಯೂ ಆಗಿಲ್ಲವೆಂದರೆ, ಒಂದು ವರ್ಷಕ್ಕೇ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ಇಬ್ಬರೂ ಎಂದೆ, ಹೆಂಡತಿಯನ್ನೊಬ್ಬಳನ್ನೇ ಡಾಕ್ಟರರ ಮನೆ ಬಾಗಿಲು ಹತ್ತಿಸುವ ನಮ್ಮ ಪದ್ಧತಿ ಬೇಡ. ಆಪರೇಷನ್ನಿಗೆ ಮೊದಲು ವೀರ್ಯ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಬಿಡಬಾರದು. ಒಂದು ಸಲದ ಫಲಿತಾಂಶ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಕಣಗಳ ಎಣಿಕೆ ಕಡಿಮೆಯಿದ್ದರೆ ಸರ್ಜನ್‌ಗೆ ಹೇಳಿ, ಬೇಕಿದ್ದರೆ ಸ್ವಲ್ಪ ವೀರ್ಯವನ್ನು ಮೊದಲೇ ಬ್ಯಾಂಕಿನಲ್ಲಿ ತೆಗೆದಿಡಬಹುದು. ಎರಡೂ ಬೀಜಗಳನ್ನು ಮುಟ್ಟಿ ನೋಡಿ ಗಾತ್ರ ಬರೆದಿಡಲು ಸರ್ಜನ್‌ಗೆ ಹೇಳಿ. ಇದರಲ್ಲಿ ನಮ್ಮ ಸ್ವಾರ್ಥವೂ ಇದೆ, ಮುಚ್ಚಿಡುವುದೇನು? ಮೊದಲೇ ಸಣ್ಣದಿದ್ದ ಬೀಜಕ್ಕೆ, ಮೊದಲೇ ಕಡಿಮೆಯಿದ್ದ ಎಣಿಕೆಗೆ ಆಮೇಲೆ ಬಯ್ಗುಳ ಬೀಳುವುದು ಸರ್ಜನ್‌ಗೇ. ಗಂಡಸರಲ್ಲಿ ಮಕ್ಕಳಾಗದಿರಲು ಬೀಜದ ಸಿರೆಗಳು ಉಬ್ಬುವ ವೆರಿಕೋಸೀಲ್ ಹರ್ನಿಯಾಕ್ಕಿಂತ ಸಾಮಾನ್ಯ ಕಾರಣ, ಹೆಚ್ಚಾಗಿ ಎಡಗಡೆ ಬರುತ್ತದೆ. ನಿಲ್ಲಿಸಿ ಪರೀಕ್ಷಿಸಿದರೆ ಕೈಗೆ ಸಿಗುತ್ತದೆ. ಆಪರೇಷನ್ ಆದಮೇಲೆ ಮತ್ತೆ ವೀರ್ಯ ಪರೀಕ್ಷೆ ಮಾಡಿಸುವುದಿದ್ದರೆ ಮೂರು ತಿಂಗಳು ಬಿಡಿ. ಹೊಸ ಕಣಗಳು ತಯಾರಾಗಿ ಬರಲು ಎರಡೂವರೆ ತಿಂಗಳು ಬೇಕು.

ತೆರೆದದ್ದೋ ಲ್ಯಾಪ್ರೋಸ್ಕೋಪಿಯೋ? ಬೀಜದ ಮಟ್ಟಿಗೆ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ ಕೆಲಸಕ್ಕೆ ಬೇಗ ಮರಳಬಹುದು, ಆದರೆ ಪೂರ್ತಿ ಮಂಪರು ಬೇಕು, ಖರ್ಚು ಹೆಚ್ಚು. ತೆರೆದದ್ದನ್ನು ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೂ ಮಾಡಬಹುದು.

ಆ ಜಾಗಕ್ಕಷ್ಟೇ ಕೊಡುವ ಇಂಜೆಕ್ಷನ್ನಿನ ಈ ಮಾತು ಅಪ್ಪನಿಗೆ ಬಹಳ ಮುಖ್ಯ. ಅವರ ವಿಷಯ ನಿಮ್ಮದಕ್ಕಿಂತ ನಾಜೂಕಾದದ್ದು. ಬಲಗಡೆಯದು ಬತ್ತಿದೆ, ಎಡಗಡೆಯ ಒಂದೇ ಬೀಜ ಹಾರ್ಮೋನಿಗೆ ಆಧಾರ, ಹರ್ನಿಯಾ ಬಂದಿರುವುದು ಅದರ ಪಕ್ಕದಲ್ಲೇ. ಉಬ್ಬಿಗೆ ನೋವಿಲ್ಲದೆ, ಸುಲಭವಾಗಿ ಒಳಗೆ ಹೋಗುತ್ತಿದ್ದರೆ, ಅವರ ವಯಸ್ಸಿನಲ್ಲಿ ಕಣ್ಣಿಟ್ಟುಕೊಂಡು ಕಾಯುವುದು ತಪ್ಪಲ್ಲ. ನೋವಿದ್ದರೆ, ದೊಡ್ಡದಾಗುತ್ತಿದ್ದರೆ ಮಾಡಿಸಿ. ಎಡಗಡೆ ಯಾರೂ ಕೈ ಹಾಕಿಲ್ಲ, ಹಾಗಾಗಿ ಅದೂ ಮೊದಲ ಸಲದ ಆಪರೇಷನ್ನೇ, ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದ ಲೆಕ್ಕವೇ ಅದಕ್ಕೂ. ಆದರೆ ಇನ್ನೊಂದು ಬೀಜ ಕೆಲಸ ಮಾಡುತ್ತಿಲ್ಲ ಎಂದು ಸರ್ಜನ್‌ಗೆ ಬಾಯಿ ಬಿಟ್ಟು ಹೇಳಬೇಕು. ಚಾದರ ಹೊದ್ದು ಟೇಬಲ್ ಮೇಲೆ ಮಲಗಿದವರನ್ನು ನೋಡಿ ಅದು ತಿಳಿಯುವುದಿಲ್ಲ. ಊರಿನ ಹಿರಿಯರು ಇಂಥದ್ದನ್ನು ಡಾಕ್ಟರರ ಹತ್ತಿರವೂ ನುಂಗಿಕೊಳ್ಳುತ್ತಾರೆ. 1994ರಿಂದ ಈವರೆಗೆ ಅವರು ಯಾವ ಡಾಕ್ಟರಿಗೂ ಹೇಳಿರಲಿಕ್ಕಿಲ್ಲ ಎಂದು ನನ್ನ ಗುಮಾನಿ.

ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ತಿಣುಕುತ್ತಾರೆಯೇ, ಬೀಡಿ ಕೆಮ್ಮು ಇದೆಯೇ ಎಂದೂ ಕೇಳಿ. ಮೂತ್ರನಾಳದ ಸುತ್ತಲಿನ ಪ್ರೋಸ್ಟೇಟ್ ಗ್ರಂಥಿ ಊದಿದ್ದರೆ ಮೊದಲು ಅದಕ್ಕೆ ಮದ್ದು. ತಿಣುಕುವುದು, ಕೆಮ್ಮುವುದು ಹಾಗೇ ಇದ್ದರೆ ಎಂಥ ಜಾಳಿಯೂ ತಾಳುವುದಿಲ್ಲ. ಮುಂಬಯಿಗೆ ಬರುವಾಗ ಆ ಎರಡು ಆಪರೇಷನ್ನುಗಳ ಹಳೆಯ ಚೀಟಿ ಟ್ರಂಕಿನಲ್ಲಿ ಎಲ್ಲಾದರೂ ಇದೆಯೇ ಎಂದು ಅಮ್ಮನ ಹತ್ತಿರ ಹುಡುಕಿಸಿ. ಅಪ್ಪನಿಗಿಂತ ಅವರಿಗೇ ಗೊತ್ತಿರುತ್ತದೆ.